ಗವಾಕ್ಷಿಯಿಂದ ಬರುವ ಪಿಶಾಚಿ

ರೋಣದಲ್ಲಿ ನಿವೃತ್ತ ಉಪಾಧ್ಯಾಯರೊಬ್ಬರು ಇದ್ದಾರೆಂದು ಭಾವಿಸೋಣ. 1858ರ ನರಗುಂದದ ಬಂಡಾಯವನ್ನು ಕುರಿತು ಸುತ್ತಣ ಹಳ್ಳಿಗಳ ಹಿರಿಯರು ಹೇಳಿದ ಹಾಡು, ಕಥೆಗಳನ್ನು ಅವರು ಹಲವು ವರ್ಷ ಬರೆದುಕೊಂಡು, ಮನೆಯ ಕಂಪ್ಯೂಟರಿನಲ್ಲಿ ತಾವೇ 'ನುಡಿ'ಯಲ್ಲಿ ಬೆರಳಚ್ಚು ಮಾಡಿದ್ದಾರೆ. ಹೇಳಿದವರಲ್ಲಿ ಬಹುಮಂದಿ ಈಗಿಲ್ಲ. ಅಚ್ಚಿನ ಪ್ರತಿ ತೆಗೆಸಲೆಂದು ಬರಹವನ್ನೆಲ್ಲ ಪೆನ್‌ಡ್ರೈವಿಗೆ ತುಂಬಿಕೊಂಡು ಗಜೇಂದ್ರಗಡದ ಡಿ.ಟಿ.ಪಿ. ಅಂಗಡಿಯೊಂದಕ್ಕೆ ಹೋಗಿಬಂದರು. ಮನೆಯಲ್ಲಿ ತೆರೆದು ನೋಡಿದರೆ ಫೋಲ್ಡರುಗಳ ಹೆಸರೇನೋ ಇವೆ. ಆದರೆ ಪ್ರತಿಯೊಂದರ ಮೂಲೆಯಲ್ಲಿಯೂ ಸಣ್ಣದೊಂದು ಬಾಗಿದ ಬಾಣ. ಗಾತ್ರವೋ, ಒಂದೆರಡು ಕಿಲೋಬೈಟು ಮಾತ್ರ!

"ಎಲ್ಲಾ ಹೋತು" ಎಂದು ಯಜಮಾನರು ತಲೆಯ ಮೇಲೆ ಕೈಹೊತ್ತು ಕುಳಿತರು. "ಅಜ್ಜಾ, ಫಾರ್ಮ್ಯಾಟ್ ಹೊಡದ್ರ ಸರಿ ಅಕ್ಕೈತಿ" ಎಂದು ಮೊಮ್ಮಗನು ಕೈಚಾಚಿದನು.

ಆ ಕೈಯನ್ನು ಹಿಡಿದು ನಿಲ್ಲಿಸುವುದೇ ಮೊದಲ ಚಿಕಿತ್ಸೆ.

ಜನರು 'ಶಾರ್ಟ್‌ಕಟ್ ವೈರಸ್' ಎಂದು ಕರೆಯುವ ಈ ಪಿಡುಗು ಸಾಮಾನ್ಯವಾಗಿ ಕಡತಗಳನ್ನು ಅಳಿಸುವುದಿಲ್ಲ, ಮರೆಮಾಡುತ್ತದೆ. ನಿಜವಾದ ಫೋಲ್ಡರಿಗೆ ಅದೃಶ್ಯವಾಗಿರುವಂತೆ ಗುರುತು ಹಾಕಿ, ಅದರ ಹೆಸರಿನದೇ ಹುಸಿ ಬಾಗಿಲೊಂದನ್ನು ಮುಂದೆ ನಿಲ್ಲಿಸುತ್ತದೆ. ಆ ಬಾಗಿಲನ್ನು ಒತ್ತಿದರೆ ಫೋಲ್ಡರೂ ತೆರೆಯುವುದು, ಜೊತೆಗೆ ಕೇಡಿನ ಕ್ರಮವಿಧಿಯೂ ಸದ್ದಿಲ್ಲದೆ ಚಾಲೂ ಆಗುವುದು. ಬೇಕಾದುದು ಕಣ್ಣಿಗೆ ಕಂಡಮೇಲೆ ಅನುಮಾನಪಡುವವರಾರು? ಫಾರ್ಮ್ಯಾಟ್ ಮಾಡಿದರೆ ಮಾತ್ರ ಬಚ್ಚಿಟ್ಟ ಬರಹವೇ ಹೋಗುತ್ತದೆ. ಕಂಪ್ಯೂಟರಿಗೆ ಹೊಕ್ಕ ಪಿಡುಗು ಅಲ್ಲಿಯೇ ಉಳಿಯುತ್ತದೆ.

ಹುಸಿ ಬಾಗಿಲುಗಳನ್ನು ಎಷ್ಟು ಅಳಿಸಿದರೂ ಅವು ಕ್ಷಣಮಾತ್ರದಲ್ಲಿ ಮರಳಿ ಹುಟ್ಟುವುದೂ ಈ ಕಾರಣದಿಂದಲೇ. 'ಹೋದೆಯಾ ಪಿಶಾಚಿ ಎಂದರೆ ಬಂದೆ ಗವಾಕ್ಷಿಯಲ್ಲಿ' ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ದೊರೆಯದು. ವಿಂಡೋಸ್ ಏಳುವಾಗಲೇ ತಾನೂ ಏಳುವಂತೆ ಅದು ಏರ್ಪಾಡು ಮಾಡಿಕೊಂಡಿರುತ್ತದೆ. ಎಚ್ಚರವಿದ್ದಷ್ಟು ಹೊತ್ತು ಚುಚ್ಚಿದ ಪ್ರತಿಯೊಂದು ಪೆನ್‌ಡ್ರೈವಿಗೂ ತನ್ನ ಬೀಜವನ್ನು ಬಿತ್ತುತ್ತದೆ. ಈ ಸಂಚಾರಕ್ರಮ ಹೊಸದೇನಲ್ಲ. 1986ರಲ್ಲಿ ಲಾಹೋರಿನ ಸೋದರರಿಬ್ಬರು ರಚಿಸಿದ 'ಬ್ರೇನ್' ಎಂಬ ವೈರಸ್ಸು ಫ್ಲಾಪಿಗಳ ಮೇಲೆ ಕುಳಿತು ದೇಶಾಂತರ ಹೋಯಿತು. ವಾಹನ ಬದಲಾಗಿದೆ, ಅಷ್ಟೆ.

ಆದುದರಿಂದ ಪೆನ್‌ಡ್ರೈವನ್ನು ಮೊದಲು ಕಿತ್ತು ಬದಿಗಿಟ್ಟು, ಕಂಪ್ಯೂಟರನ್ನೇ ಶುದ್ಧಿಮಾಡತಕ್ಕದ್ದು. ಎಚ್ಚರವಿರುವ ಕಳ್ಳನನ್ನು ಹಿಡಿಯುವುದು ಕಷ್ಟ, ಮಲಗಿರುವಾಗ ಸುಲಭ. ವಿಂಡೋಸಿನಲ್ಲಿಯೇ ಇರುವ ಡಿಫೆಂಡರಿಗೆ 'ಆಫ್‌ಲೈನ್ ಸ್ಕ್ಯಾನ್' ಎಂಬ ಸೌಕರ್ಯವುಂಟು. ವಿಂಡೋಸ್ ಸೆಕ್ಯುರಿಟಿಯ 'ಸ್ಕ್ಯಾನ್ ಆಪ್ಷನ್ಸ್'ನಲ್ಲಿ ಅದನ್ನು ಆರಿಸಿದರೆ, ಯಂತ್ರವು ಮರುಚಾಲನೆಗೊಂಡು, ವಿಂಡೋಸ್ ಏಳುವ ಮೊದಲೇ ಶೋಧನೆ ನಡೆಯುತ್ತದೆ. ಸುಮಾರು 15 ನಿಮಿಷ ಹಿಡಿಯಬಹುದು. ತೆರೆದಿದ್ದ ಕೆಲಸವನ್ನೆಲ್ಲ ಮುಂಚೆಯೇ ಉಳಿಸಿಕೊಂಡಿರಬೇಕು. ಬಳಿಕ ಒಂದು 'ಫುಲ್ ಸ್ಕ್ಯಾನ್' ಮಾಡಿಸಿದರೆ ಲೇಸು. ಇದಕ್ಕೆ ಗಂಟೆಗಳೇ ಬೇಕಾದಾವು, ಊಟ ಮುಗಿಸಿಕೊಂಡು ಬರಬಹುದು. ಇಷ್ಟಕ್ಕೂ ಜಗ್ಗದಿದ್ದರೆ, ಕೇಂದ್ರ ಸರಕಾರವು 2017ರ ಫೆಬ್ರವರಿಯಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರದ ಉಚಿತ ಸಾಧನಗಳುಂಟು. ಗುರುತು ಪರಿಚಯವಿಲ್ಲದ ಕಡೆಯಿಂದ 'ಪುಕ್ಕಟೆ ಆ್ಯಂಟಿವೈರಸ್' ಇಳಿಸಿಕೊಂಡರೆ, ಕಳ್ಳನನ್ನು ಹಿಡಿಯಲು ಕಳ್ಳನ ತಮ್ಮನನ್ನೇ ಕರೆದಂತಾದೀತು.

ಈಗ ಪೆನ್‌ಡ್ರೈವಿನ ಸರದಿ. ಅದನ್ನು ಚುಚ್ಚಿ, ಯಾವುದನ್ನೂ ತೆರೆಯದೆ, ಡಿಫೆಂಡರಿನಿಂದ ಶೋಧಿಸಬೇಕು. ಬಳಿಕ ಫೋಲ್ಡರ್ ಆಪ್ಷನ್ಸ್‌ನ 'ವ್ಯೂ' ವಿಭಾಗಕ್ಕೆ ಹೋಗಿ, ಅಡಗಿಸಿದ ಕಡತಗಳನ್ನು ತೋರಿಸುವಂತೆ ಗುರುತು ಹಾಕಿ, 'ಪ್ರೊಟೆಕ್ಟೆಡ್ ಆಪರೇಟಿಂಗ್ ಸಿಸ್ಟಮ್ ಫೈಲ್ಸ್' ಅಡಗಿಸುವ ಗುರುತನ್ನು ತೆಗೆಯಬೇಕು. ಆಗ ನಿಜವಾದ ಫೋಲ್ಡರುಗಳು ಮಸುಕು ಬಣ್ಣದಲ್ಲಿ ಗೋಚರಿಸುತ್ತವೆ, ಬಾಣವಿಲ್ಲದೆ. ಅವನ್ನು ತೆರೆದು, ಒಳಗಣ ಬರಹಗಳನ್ನಷ್ಟೇ ಹೊಸ ಫೋಲ್ಡರಿಗೆ ನಕಲು ಮಾಡಿಕೊಂಡು, ಒಂದೊಂದನ್ನೂ ತೆರೆದು ನೋಡಬೇಕು. ಇನ್ನೊಂದು ಪ್ರತಿಯನ್ನು ಬೇರೆಡೆ ಇಡಬೇಕು. ಕೆಲಸ ಮುಗಿದ ಮೇಲೆ ವ್ಯೂ ವಿಭಾಗದ ಗುರುತುಗಳನ್ನು ಮೊದಲಿನಂತೆಯೇ ಇಡುವುದು ಒಳ್ಳೆಯದು.

ಮನೆಯಲ್ಲಿರುವ ಉಳಿದ ಪೆನ್‌ಡ್ರೈವುಗಳನ್ನೂ ಅದೇ ದಿನ ಶೋಧಿಸಬೇಕು. ಅಂಗಡಿಯವರಿಗೂ ಒಂದು ಮಾತು ತಿಳಿಸಬೇಕು. ಪಾಪ, ದಿನಕ್ಕೆ ಹತ್ತಾರು ಪೆನ್‌ಡ್ರೈವುಗಳನ್ನು ಚುಚ್ಚಿಸಿಕೊಳ್ಳುವ ಅವರ ಯಂತ್ರವೂ ರೋಗಿಯೇ.

ಹಾಡು, ಕಥೆಗಳೆಲ್ಲ ಸುರಕ್ಷಿತವಾಗಿ ಕೈಸೇರಿದ ಮೇಲೆ, ಖಾಲಿಯಾದ ಪೆನ್‌ಡ್ರೈವನ್ನು ಫಾರ್ಮ್ಯಾಟ್ ಮಾಡುವ ಕಾರ್ಯವನ್ನು ಮೊಮ್ಮಗನಿಗೆ ವಹಿಸಿಕೊಡಬಹುದು.