ಒಳಗೆ ಬಂದವರ ಹತ್ತಿರ ಮತ್ತೆ ಮತ್ತೆ ಟಿಕೆಟ್ ಕೇಳಬೇಡಿ

(1/6)

ಮೊದಲು ಒಂದು ಕೇಸು ಹೇಳ್ತೀನಿ, ವಾದ ಆಮೇಲೆ.

ಇಸ್ರೇಲಿನ ಅಶ್ದೋದ್ ನಗರ. ಡೆನ್ಮಾರ್ಕ್‌ನಲ್ಲಿ ಹುಟ್ಟಿ, ಯಹೂದಿ ಧರ್ಮಕ್ಕೆ ಸೇರಿ, ಯಹೂದಿ ಗಂಡನನ್ನ ಮದುವೆಯಾಗಿ, ಮಕ್ಕಳನ್ನ ಹೆತ್ತ ಒಬ್ಬ ಮಹಿಳೆ ಅಲ್ಲಿನ ರಬ್ಬಿಗಳ ಕೋರ್ಟಿಗೆ ಹೋಗ್ತಾರೆ. ಮತಾಂತರ ಆಗಿ ಸುಮಾರು 15 ವರ್ಷ ಆಗಿತ್ತು. ಅವರು ಕೇಳಿದ್ದು ವಿಚ್ಛೇದನ ಅಷ್ಟೇ. ಆದ್ರೆ ನ್ಯಾಯಾಧೀಶರು ವಿಚಾರಿಸಿದ್ದು ಸಬ್ಬತ್ ಬಗ್ಗೆ. ಶನಿವಾರದ ವಿಶ್ರಾಂತಿ ದಿನವನ್ನ ಶಾಸ್ತ್ರದ ಪ್ರಕಾರ ಪಾಲಿಸ್ತೀರಾ ಅಂತ. ಉತ್ತರ ಅವರಿಗೆ ಹಿಡಿಸಲಿಲ್ಲ. ಕೊನೆಗೆ ಬಂದ ತೀರ್ಪು ಏನು ಗೊತ್ತಾ? ನಿಮ್ಮ ಮತಾಂತರವೇ ಅಸಿಂಧು. ನೀವು ಯಹೂದಿ ಅಲ್ಲ, ನಿಮ್ಮ ಮಕ್ಕಳೂ ಅಲ್ಲ.

2008ರಲ್ಲಿ ಮೇಲಿನ ರಬ್ಬಿ ನ್ಯಾಯಾಲಯ ಇದನ್ನ ಎತ್ತಿ ಹಿಡಿಯಿತು. ಅಷ್ಟಕ್ಕೇ ನಿಲ್ಲಲೂ ಇಲ್ಲ. ರಬ್ಬಿ ಹೈಮ್ ಡ್ರುಕ್‌ಮನ್ 1999ರಿಂದ ಮಾಡಿಸಿದ ಎಲ್ಲ ಮತಾಂತರಗಳನ್ನೂ ಅನುಮಾನದ ಪಟ್ಟಿಗೆ ಸೇರಿಸಿತು. ಡ್ರುಕ್‌ಮನ್ ಯಾರೋ ಬೀದಿಬದಿಯ ಗುರು ಅಲ್ಲ, ಸರ್ಕಾರದ್ದೇ ಮತಾಂತರ ಪ್ರಾಧಿಕಾರದ ಮುಖ್ಯಸ್ಥರು! ಸಾವಿರಾರು ಕುಟುಂಬಗಳು ಒಂದೇ ದಿನದಲ್ಲಿ ‘ನಾವು ಯಾರು’ ಅಂತ ಕೇಳಿಕೊಳ್ಳೋ ಹಾಗಾಯ್ತು. 2012ರಲ್ಲಿ ಇಸ್ರೇಲಿನ ಸುಪ್ರೀಂ ಕೋರ್ಟ್ ಈ ಧೋರಣೆಯನ್ನ ಕಟುವಾಗಿ ಟೀಕಿಸಿತು. ಆದ್ರೆ ಒಳಗೆ ಹೊಕ್ಕ ಭಯ ಕೋರ್ಟ್ ಆರ್ಡರ್‌ನಿಂದ ಹೋಗುತ್ತಾ?

ನನ್ನ ವಾದ ಇಷ್ಟೇ. ಇದು ತಪ್ಪು. ಬರೀ ಮಾನವೀಯತೆ ದೃಷ್ಟಿಯಿಂದ ಅಲ್ಲ, ಯಹೂದಿ ಧರ್ಮಶಾಸ್ತ್ರದ ಲೆಕ್ಕದಲ್ಲೇ ತಪ್ಪು.

(2/6)

“ರಬ್ಬಿ ಒಪ್ಪದಿದ್ರೆ ರಿಜಿಸ್ಟ್ರಾರ್ ಆಫೀಸಿಗೆ ಹೋಗಿ ಸೈನ್ ಹಾಕಿದ್ರೆ ಆಯ್ತಲ್ವಾ?” ಅಂತ ನೀವು ಕೇಳಬಹುದು. ನಮ್ಮಲ್ಲಿ 1954ರ ಸ್ಪೆಷಲ್ ಮ್ಯಾರೇಜ್ ಆಕ್ಟ್ ಇದೆ. ನೋಟಿಸ್ ಬೋರ್ಡಿನ ಕಾಟ ಏನೇ ಇರಲಿ, ಧರ್ಮ ಬದಲಿಸದೇ ಮದುವೆಯಾಗೋಕೆ ಒಂದು ದಾರಿ ಅಂತೂ ಇದೆ. ಇಸ್ರೇಲಿನಲ್ಲಿ ಆ ದಾರಿಯೇ ಇಲ್ಲ.

ಆಟೊಮನ್ ತುರ್ಕರ ಕಾಲದ ವ್ಯವಸ್ಥೆ ಅದು. ಮದುವೆ, ವಿಚ್ಛೇದನ ಎರಡೂ ಆಯಾ ಧರ್ಮದ ಕೋರ್ಟಿಗೆ. ಬ್ರಿಟಿಷರು ಅದನ್ನ ಹಾಗೇ ಉಳಿಸಿಕೊಂಡ್ರು, ಹೊಸ ದೇಶವೂ ಮುಂದುವರಿಸಿತು. 1953ರ ಕಾಯ್ದೆ ಪ್ರಕಾರ ಯಹೂದಿಗಳ ಮದುವೆ ಮತ್ತು ವಿಚ್ಛೇದನ ಪೂರ್ತಿ ರಬ್ಬಿಗಳ ಕೋರ್ಟಿನ ಕೈಯಲ್ಲಿ. ಮುಸ್ಲಿಮರು, ಕ್ರೈಸ್ತರು, ದ್ರೂಜ್ ಜನಕ್ಕೂ ಅವರವರ ಧಾರ್ಮಿಕ ಕೋರ್ಟ್.

ಈಗ ಸಿಕ್ಕು ನೋಡಿ. 1950ರ ‘ವಾಪಸಾತಿ ಕಾಯ್ದೆ’ಗೆ 1970ರಲ್ಲಿ ತಿದ್ದುಪಡಿ ಬಂತು. ತಾತ ಒಬ್ಬರು ಯಹೂದಿ ಆಗಿದ್ರೂ ಸಾಕು, ನಿಮಗೆ ಪೌರತ್ವ ಸಿಗುತ್ತೆ. ಆದ್ರೆ ಶಾಸ್ತ್ರದ ಪ್ರಕಾರ ಯಹೂದಿ ಅಂದ್ರೆ ತಾಯಿ ಯಹೂದಿ ಆಗಿರಬೇಕು, ಇಲ್ಲಾ ವಿಧಿವತ್ತಾಗಿ ಮತಾಂತರ ಆಗಿರಬೇಕು. ಸೋವಿಯತ್ ಒಕ್ಕೂಟ ಒಡೆದ ಕಾಲದಲ್ಲಿ ಹೀಗೆ ತಾತನ ಕಡೆಯಿಂದ, ತಂದೆ ಕಡೆಯಿಂದ ಬಂದವರು ಲಕ್ಷಾಂತರ ಜನ. ಹೀಬ್ರೂ ಮಾತಾಡ್ತಾರೆ, ಟ್ಯಾಕ್ಸ್ ಕಟ್ತಾರೆ, ಸೈನ್ಯದಲ್ಲಿ ದುಡೀತಾರೆ. ಮದುವೆ ಅಂದ ತಕ್ಷಣ ‘ನೀವು ನಮ್ಮವರಲ್ಲ’!

ಹಾಗಾಗಿ ಜನ ಸೈಪ್ರಸ್‌ಗೆ ವಿಮಾನ ಹತ್ತುತ್ತಾರೆ. ಹೊರದೇಶದ ಮದುವೆಯನ್ನ ನೋಂದಣಿ ಮಾಡಲೇಬೇಕು ಅಂತ 1963ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಅಮೆರಿಕದ ಯೂಟಾ ರಾಜ್ಯದ ಅಧಿಕಾರಿ ಎದುರು ಜೂಮ್‌ನಲ್ಲಿ ಆದ ಮದುವೆಗೂ 2023ರಲ್ಲಿ ಅದೇ ಕೋರ್ಟ್ ಸೈ ಅಂದಿದೆ. ಅಂದ್ರೆ ಟೆಲ್ ಅವೀವ್‌ನಲ್ಲೇ ಸೋಫಾ ಮೇಲೆ ಕೂತು ಯೂಟಾದಲ್ಲಿ ಮದುವೆ ಆಗಬಹುದು, ಪಕ್ಕದ ಬೀದಿಯ ಸರ್ಕಾರಿ ಆಫೀಸಿನಲ್ಲಿ ಆಗೋ ಹಾಗಿಲ್ಲ. ಇದನ್ನ ಧರ್ಮರಕ್ಷಣೆ ಅಂತ ಹೇಗೆ ಕರೀತೀರಿ?

(3/6)

ಈಗ ಶಾಸ್ತ್ರಕ್ಕೆ ಬರೋಣ. ಇದನ್ನ ನಿಧಾನಕ್ಕೆ ಓದಿ.

ಮತಾಂತರಕ್ಕೆ ಹೀಬ್ರೂನಲ್ಲಿ ಗಿಯೂರ್ ಅಂತಾರೆ. ಮೂವರು ಕೂತ ನ್ಯಾಯಪೀಠ ಬೇಕು. ಗಂಡಸರಿಗೆ ಸುನ್ನತಿ, ಎಲ್ಲರಿಗೂ ಮಿಕ್ವೆ ಅನ್ನೋ ಕೊಳದಲ್ಲಿ ಮುಳುಗು ಸ್ನಾನ, ಜೊತೆಗೆ ಧರ್ಮದ ಆಜ್ಞೆಗಳನ್ನ ಒಪ್ಪಿಕೊಳ್ಳೋದು. ತಾಲ್ಮುದ್‌ನ ಯೆವಾಮೊತ್ ಭಾಗದಲ್ಲಿ ಇದರ ಕ್ರಮ ಇದೆ. ಬಂದವರನ್ನ ಮೊದಲು ಕೇಳಬೇಕು: ನಮ್ಮ ಜನ ಕಷ್ಟದಲ್ಲಿದ್ದಾರೆ, ತುಳಿತಕ್ಕೆ ಸಿಕ್ಕಿದ್ದಾರೆ, ಗೊತ್ತಿದ್ದೂ ಯಾಕೆ ಬರ್ತೀರಿ? ಗೊತ್ತು, ಆದ್ರೂ ಬರ್ತೀನಿ, ನಾನು ಅದಕ್ಕೆ ಯೋಗ್ಯನೂ ಅಲ್ಲ ಅಂದ್ರೆ ತಕ್ಷಣ ಸ್ವೀಕರಿಸಬೇಕು. ಕೆಲವು ಹಗುರ ಆಜ್ಞೆ, ಕೆಲವು ಕಠಿಣ ಆಜ್ಞೆ ತಿಳಿಸಬೇಕು. ಅತಿಯಾಗಿ ಹೇರಬಾರದು, ಕೆದಕಲೂ ಬಾರದು.

ಆಮೇಲಿನ ಮಾತು ಇನ್ನೂ ಮುಖ್ಯ. ನೀರಿನಲ್ಲಿ ಮುಳುಗಿ ಎದ್ದ ಮೇಲೆ ಆ ವ್ಯಕ್ತಿ ಎಲ್ಲ ವಿಷಯದಲ್ಲೂ ಯಹೂದಿ. ಮುಂದೆ ಹಳೇ ದಾರಿಗೆ ವಾಪಸ್ ಹೋದ್ರೂ ಅವರು ದಾರಿ ತಪ್ಪಿದ ಯಹೂದಿ ಅಷ್ಟೇ, ಅನ್ಯರಲ್ಲ. ಅವರು ಮಾಡಿಕೊಂಡ ಮದುವೆ ಮದುವೆಯೇ. 12ನೇ ಶತಮಾನದ ಮೈಮೊನಿಡೀಸ್ ಕೂಡ ಇದನ್ನೇ ಬರೆದಿಟ್ಟಿದ್ದಾರೆ.

“ಮದುವೆಗೋಸ್ಕರ ಧರ್ಮ ಬದಲಿಸಿದವರ ಕಥೆ ಏನು?” ಅದೂ ತಾಲ್ಮುದ್‌ನಲ್ಲಿ ಚರ್ಚೆ ಆಗಿದೆ! ಗಂಡಿಗಾಗಿ, ಹೆಣ್ಣಿಗಾಗಿ ಬಂದವರು ಮತಾಂತರಿಗಳೇ ಅಲ್ಲ ಅಂತ ಒಬ್ಬ ಪಂಡಿತರ ಅಭಿಪ್ರಾಯ. ಅಂತಿಮವಾಗಿ ನಿಂತ ನಿಯಮ ಅದರ ಉಲ್ಟಾ: ಅವರೆಲ್ಲರೂ ಮತಾಂತರಿಗಳೇ. ಹಾಗೆ ಬರೋದನ್ನ ಶಾಸ್ತ್ರ ಪ್ರೋತ್ಸಾಹಿಸಲ್ಲ, ನಿಜ. ಆದ್ರೆ ಆದದ್ದನ್ನ ಅಳಿಸಲ್ಲ.

ಇನ್ನೊಂದು ನಿಯಮ ಇದೆ. ಮತಾಂತರಿಗೆ, ಅವರ ಮಕ್ಕಳಿಗೆ ‘ನಿಮ್ಮ ಹಿಂದಿನವರು ಏನು ಮಾಡ್ತಿದ್ರು ನೆನಪಿದೆಯಾ’ ಅಂತ ಚುಚ್ಚೋದೇ ಪಾಪ. ಅಶ್ದೋದ್‌ನ ಆ ತಾಯಿಯ ಮಕ್ಕಳನ್ನ ನೆನಪಿಸಿಕೊಂಡು ಈ ಸಾಲನ್ನ ಇನ್ನೊಂದ್ಸಲ ಓದಿ.

(4/6)

ಎದುರಿನವರ ವಾದಾನೂ ನ್ಯಾಯವಾಗಿ ಹೇಳಬೇಕು.

ಅವರು ಹೇಳೋದು: ಆಜ್ಞೆಗಳನ್ನ ಒಪ್ಪಿಕೊಳ್ಳೋದೇ ಮತಾಂತರದ ಜೀವ. ಮನಸ್ಸಲ್ಲಿ ಪಾಲಿಸೋ ಉದ್ದೇಶವೇ ಇಲ್ಲದೆ ಬಾಯಲ್ಲಿ ಹೂಂ ಅಂದ್ರೆ ಅದು ಮತಾಂತರ ಹೇಗಾಗುತ್ತೆ? 19ನೇ ಶತಮಾನದಿಂದ ಈ ವಾದಕ್ಕೆ ಬಲ ಜಾಸ್ತಿ ಆಗಿದೆ. ಹಿಂದೆ ಒಂದು ಭಯಾನೂ ಇದೆ. ಯುರೋಪಿನಲ್ಲಿ 60 ಲಕ್ಷ ಜನರನ್ನ ಕಳಕೊಂಡ ಸಣ್ಣ ಸಮುದಾಯ ಅದು. ಕರಗಿ ಹೋಗ್ತೀವಿ ಅನ್ನೋ ಭಯವನ್ನ ಇಲ್ಲಿ ಕೂತು ಗೇಲಿ ಮಾಡೋ ಹಕ್ಕು ನನಗಿಲ್ಲ, ನಿಮಗೂ ಇಲ್ಲ. ಶಾಸ್ತ್ರದಲ್ಲಿ ಕಟ್ಟುಪಾಡು ಇಲ್ಲ ಅಂತಾನೂ ನಾನು ಹೇಳ್ತಿಲ್ಲ. ಪುರೋಹಿತ ವಂಶದ ಕೊಹೆನ್ ಮತಾಂತರಗೊಂಡ ಹೆಣ್ಣನ್ನ ಮದುವೆಯಾಗೋ ಹಾಗಿಲ್ಲ, ಅದು ನಿಯಮ.

ಸರಿ. ಆದ್ರೆ ಉದ್ದೇಶ ನೋಡಬೇಕು ಅಂದ್ರೆ ಬಾಗಿಲಲ್ಲಿ ನೋಡಿ. ಅದಕ್ಕೇ ಅಲ್ವಾ ಮೂವರನ್ನ ಕೂರಿಸಿರೋದು? ನಾವು ಬಿಕಾಂನಲ್ಲಿ ಕಾಂಟ್ರಾಕ್ಟ್ ಆಕ್ಟ್ ಓದ್ತೀವಿ. ಮೋಸದಿಂದ ಒಪ್ಪಿಗೆ ಪಡೆದಿದ್ರೂ ಕರಾರು ತಾನಾಗೇ ಬಿದ್ದು ಹೋಗಲ್ಲ, ಮೋಸ ಹೋದವರು ಬೇಕಿದ್ರೆ ರದ್ದು ಮಾಡಿಸಬಹುದು. ಕೇಸು ಹಾಕೋಕೂ ಒಂದು ಅವಧಿ ಇರುತ್ತೆ. ಸಕ್ಕರೆ ಮೂಟೆಯ ವ್ಯವಹಾರಕ್ಕೇ ಇಷ್ಟು ಭದ್ರತೆ ಇರುವಾಗ, ಒಬ್ಬ ತಾಯಿಯ ಗುರುತಿಗೆ, ಮಕ್ಕಳ ಮುಂದಿನ ಮದುವೆಗೆ ಅಷ್ಟೂ ಬೇಡ್ವಾ?

ಇನ್ನೂ ಒಂದು ಮಾತು. ಇಸ್ರೇಲ್ ಹುಟ್ಟಿದಾಗ ಸೆಫಾರ್ದಿ ಮುಖ್ಯ ರಬ್ಬಿ ಆಗಿದ್ದವರು ಬೆನ್ ಸಿಯೋನ್ ಉಜಿಯೇಲ್. ಮಿಶ್ರ ಕುಟುಂಬಗಳು ದೂರ ಹೋಗದಿರಲಿ ಅಂತ ಮತಾಂತರದ ಬಾಗಿಲು ತೆರೆದಿಡಬೇಕು, ಎಲ್ಲ ಆಜ್ಞೆ ಪಾಲಿಸೋ ಖಾತ್ರಿ ಇಲ್ಲದಿದ್ರೂ ಸರಿ ಅನ್ನೋದು ಅವರ ನಿಲುವು. ಅವರೇನು ಧರ್ಮ ಬಿಟ್ಟವರಾ? ಶಾಸ್ತ್ರದ ಒಳಗೇ ದಾರಿ ಇತ್ತು. ಆ ದಾರಿಗೆ ಬೇಲಿ ಹಾಕಿದ್ದು ಆಫೀಸು.

(5/6)

“ನಮಗ್ಯಾಕೆ ಇದೆಲ್ಲ, ಅದು ಅವರ ದೇಶದ ವಿಷಯ” ಅನ್ನೋರಿಗೆ ಈ ಪೋಸ್ಟ್.

ಕೊಂಕಣ ಕರಾವಳಿಯಲ್ಲಿ ಬೆನೆ ಇಸ್ರೇಲ್ ಅನ್ನೋ ಯಹೂದಿಗಳಿದ್ರು. ಗಾಣದಿಂದ ಎಣ್ಣೆ ತೆಗೆಯೋ ಕಸುಬು, ಶನಿವಾರ ಗಾಣ ನಿಲ್ಲಿಸ್ತಿದ್ರು. ಹಾಗಾಗಿ ಊರವರು ಇಟ್ಟ ಹೆಸರು ‘ಶನಿವಾರ ತೇಲಿ’. ಮರಾಠಿ ಮಾತು, ನಮ್ಮದೇ ತರ ಕರಾವಳಿಯ ಅಡುಗೆ, ಆದ್ರೆ ಸಬ್ಬತ್ ಬಿಡಲಿಲ್ಲ.

1948ರ ನಂತರ ಸಾವಿರಾರು ಜನ ಇಸ್ರೇಲಿಗೆ ಹೋದ್ರು. ಅಲ್ಲಿ 1960ರ ದಶಕದ ಶುರುವಿನಲ್ಲಿ ಮುಖ್ಯ ರಬ್ಬಿಗಳ ಕಚೇರಿ ಸೂಚನೆ ಕೊಡ್ತು: ಬೆನೆ ಇಸ್ರೇಲ್ ಜನ ಬೇರೆ ಯಹೂದಿಗಳ ಜೊತೆ ಮದುವೆಗೆ ಬಂದ್ರೆ ತಾಯಿ, ತಾಯಿಯ ತಾಯಿ, ಹೀಗೆ ಸಾಧ್ಯವಾದಷ್ಟು ಹಿಂದಕ್ಕೆ ವಂಶ ತನಿಖೆ ಮಾಡಿ. ಹಳ್ಳಿಯಲ್ಲಿ ಗಾಣ ತಿರುಗಿಸ್ತಿದ್ದ ಅಜ್ಜಿಯ ಅಜ್ಜಿಗೆ ಯಾವ ಸರ್ಟಿಫಿಕೇಟ್ ಇರುತ್ತೆ ಹೇಳಿ!

ಅವರು ಸುಮ್ಮನಿರಲಿಲ್ಲ. 1964ರಲ್ಲಿ ಜೆರುಸಲೇಮಿನಲ್ಲಿ ಧರಣಿ ಕೂತರು. ಇವರು ಎಲ್ಲ ರೀತಿಯಲ್ಲೂ ಯಹೂದಿಗಳೇ ಅಂತ ಸಂಸತ್ತು ನಿರ್ಣಯ ಮಾಡ್ತು, ರಬ್ಬಿಗಳ ಕಚೇರಿ ಸೂಚನೆಯನ್ನ ಬದಲಿಸಬೇಕಾಯ್ತು. ಅಂದ್ರೆ ಬದಲಾವಣೆ ಆಗುತ್ತೆ, ಆದ್ರೆ ತಾನಾಗೇ ಅಲ್ಲ. ಇಥಿಯೋಪಿಯದಿಂದ ಬಂದ ಯಹೂದಿಗಳೂ 1985ರಲ್ಲಿ ಇಂಥದ್ದೇ ಅನುಮಾನದ ವಿರುದ್ಧ ಬೀದಿಗಿಳಿದ್ರು.

(6/6)

ಕೊನೆಗೆ ರೂತ್. ಬೈಬಲ್ಲಿನ ರೂತ್ ಮೋವಾಬ್ ದೇಶದ ಹೆಣ್ಣು. ಮೋವಾಬಿನವರನ್ನ ಸೇರಿಸಿಕೊಳ್ಳಬಾರದು ಅಂತ ಶಾಸ್ತ್ರದಲ್ಲೇ ಇತ್ತು. ರಬ್ಬಿಗಳು ಏನು ಮಾಡಿದ್ರು? ಆ ನಿಷೇಧ ಗಂಡಸರಿಗೆ ಮಾತ್ರ ಅಂತ ಅರ್ಥ ಮಾಡಿದ್ರು. ರೂತ್ ಉಳಿದಳು, ಬೋವಜನನ್ನ ಮದುವೆಯಾದಳು, ರಾಜ ದಾವೀದನಿಗೆ ಮುತ್ತಜ್ಜಿ ಆದಳು. ಇವತ್ತಿಗೂ ಶಾವುಓತ್ ಹಬ್ಬದಲ್ಲಿ ಅವಳ ಕಥೆ ಓದ್ತಾರೆ. ಈಗಿನ ಕಚೇರಿಯ ಕಡತದ ಎದುರು ರೂತ್ ನಿಂತಿದ್ರೆ ಎಷ್ಟು ವರ್ಷ ಓಡಾಡಬೇಕಿತ್ತೋ!

ಹಾಗಾಗಿ ನಾನು ಹೇಳೋದು ಮೂರೇ. ಒಂದು, ಆದ ಮತಾಂತರವನ್ನ ವರ್ಷಗಳ ನಂತರ ಅಳಿಸೋದು ನಿಲ್ಲಬೇಕು. ಎರಡು, ಧರ್ಮದ ಮದುವೆ ಬೇಡ ಅನ್ನೋರಿಗೆ, ಸಿಗದವರಿಗೆ ದೇಶದೊಳಗೇ ಕಾನೂನಿನ ಮದುವೆ ಬೇಕು. 2010ರಲ್ಲಿ ತಂದ ಕಾಯ್ದೆ ಎರಡೂ ಕಡೆಯವರು ಯಾವ ಧರ್ಮಕ್ಕೂ ಸೇರದವರಾಗಿದ್ರೆ ಮಾತ್ರ, ಅದು ಸಾಲದು. ಮೂರು, ಒಂದೇ ಮನುಷ್ಯ ಎರಡು ಕೌಂಟರಿನಲ್ಲಿ ಎರಡು ಜಾತಿ ಆಗಬಾರದು. ಇಸ್ರೇಲಿನೊಳಗೆ ರಿಫಾರ್ಮ್, ಕನ್ಸರ್ವೇಟಿವ್ ಪಂಥಗಳಲ್ಲಿ ಮತಾಂತರ ಆದವರಿಗೂ ಪೌರತ್ವ ಕೊಡಬೇಕು ಅಂತ 2021ರಲ್ಲಿ ಸುಪ್ರೀಂ ಕೋರ್ಟ್ ಹೇಳ್ತು. ಅದೇ ವ್ಯಕ್ತಿ ಮದುವೆಗೆ ಹೋದ್ರೆ ರಬ್ಬಿಗಳ ಲೆಕ್ಕದಲ್ಲಿ ಇನ್ನೂ ಹೊರಗಿನವರು.

ಒಂದು ಸೂಚನೆ: ಇದನ್ನ ನೆಪ ಮಾಡಿಕೊಂಡು ಯಹೂದಿಗಳನ್ನ ಬೈಯೋ ಕಾಮೆಂಟ್ ಹಾಕಿದ್ರೆ ಡಿಲೀಟ್ ಮಾಡ್ತೀನಿ. ಈ ವ್ಯವಸ್ಥೆ ವಿರುದ್ಧ ಎಲ್ಲರಿಗಿಂತ ಹೆಚ್ಚು ಹೋರಾಡ್ತಿರೋರು ಯಹೂದಿಗಳೇ, ಅವರಲ್ಲಿ ರಬ್ಬಿಗಳೂ ಇದ್ದಾರೆ.

ಒಪ್ಪದಿದ್ರೆ ವಾದ ಮಾಡಿ, ಓದ್ತೀನಿ. ಒಪ್ಪಿದ್ರೆ, ಮದುವೆಯಾಗಿ ನಿಮ್ಮ ಮನೆಗೆ ಬಂದ ಬೇರೆ ಜಾತಿಯ ಅತ್ತಿಗೆಗೆ, ಚಿಕ್ಕಮ್ಮನಿಗೆ ‘ನಿಮ್ ಕಡೆಯವರು’ ಅಂತ ಇನ್ನೂ ಯಾರಾದ್ರೂ ಅಂತಿದ್ರೆ ಅವರಿಗೆ ಶೇರ್ ಮಾಡಿ.

#ಮದುವೆ #ಮತಾಂತರ #ಇಸ್ರೇಲ್ #ಬೆನೆಇಸ್ರೇಲ್ #ಕನ್ನಡಬರಹ