ಗಂಡಸಿನ ಲೆಕ್ಕ ಎಲ್ಲಿ?

ಪುಷ್ಯ ಬಹುಳ ಪಂಚಮಿ ಬಂತೆಂದರೆ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳಲ್ಲಿ ತ್ಯಾಗರಾಜರ ಪಂಚರತ್ನ ಕೃತಿಗಳು ಮೊಳಗುತ್ತವೆ. ಸಂತೋಷ. ತಿರುವೈಯಾರಿನಲ್ಲಿ ಆ ಮಹಾನುಭಾವರ ಸಮಾಧಿಗೆ ಗುಡಿ ಕಟ್ಟಿಸಿದವರು ಬೆಂಗಳೂರು ನಾಗರತ್ನಮ್ಮ ಎಂಬುದನ್ನೂ ಭಾಷಣಕಾರರು ಹೇಳುತ್ತಾರೆ. "ವಿದ್ಯಾಸುಂದರಿ" ಎಂದು ಹೊಗಳುತ್ತಾರೆ. ಆದರೆ ಅವರು ದೇವದಾಸಿ ಮನೆತನದವರೆಂಬ ಮಾತು ನಾಲಿಗೆಗೆ ಬಂದೊಡನೆ ಗಂಟಲು ಸರಿಮಾಡಿಕೊಂಡು ಮುಂದಕ್ಕೆ ಹಾರುತ್ತಾರೆ. ಈ ಸಂಕೋಚ ಯಾರ ಪರವಾಗಿ? ನಾಚಬೇಕಾದವರು ಯಾರು? ಇದನ್ನು ನಾವು ಕೇಳುತ್ತೇವೆ.

ನಾಗರತ್ನಮ್ಮ 1878ರಲ್ಲಿ ನಂಜನಗೂಡಿನಲ್ಲಿ ಹುಟ್ಟಿದರು. ತಾಯಿ ಪುಟ್ಟಲಕ್ಷ್ಮಿ. ತಂದೆ ಸುಬ್ಬರಾವ್ ಎಂಬ ವಕೀಲರು ತಾಯಿಮಗಳನ್ನು ನಡುನೀರಿನಲ್ಲಿ ಕೈಬಿಟ್ಟರು. ಅದರಿಂದ ಅವರ ವಕಾಲತ್ತಿಗೆ ಮಸಿ ಹತ್ತಲಿಲ್ಲ. ಮಗಳು ಸಂಸ್ಕೃತ ಕಲಿತಳು, ಸಂಗೀತ ಕಲಿತಳು, ಬೆಂಗಳೂರಿನಲ್ಲಿ ಹೆಸರು ಮಾಡಿದಳು. ಮೈಸೂರು ಸಂಸ್ಥಾನದ ನ್ಯಾಯಾಧೀಶ ನರಹರಿರಾಯರು ಆಶ್ರಯದಾತರಾದರು. ವಿಜಯನಗರದವರು ಮೈಸೂರು ರಸ್ತೆ ದಾಟಿ ಹನುಮಂತನಗರಕ್ಕೆ ಹೋದರೆ ಕುಮಾರಸ್ವಾಮಿ ಗುಡಿಯಿರುವ ಗುಡ್ಡ ಕಾಣುತ್ತದೆ. ಅದು ಇಂದಿಗೂ ನರಹರಿರಾಯರ ಗುಡ್ಡ. ನಾಗರತ್ನಮ್ಮನವರು ಊರಿನ ಹೆಸರನ್ನು ತಮ್ಮ ಹೆಸರಿನ ಮುಂದೆ ಹೊತ್ತು ಮದರಾಸಿಗೆ ಹೋದರು. ಊರು ರಾಯರ ಹೆಸರನ್ನು ಗುಡ್ಡಕ್ಕೆ ಇಟ್ಟುಕೊಂಡಿತು.

ಮದರಾಸಿನಲ್ಲಿ ಹಾಡಿ ಗಳಿಸಿದ ಹಣವನ್ನು ಅವರು ತಿರುವೈಯಾರಿನಲ್ಲಿ ಸುರಿದರು. 1925ರಲ್ಲಿ ಗುಡಿ ಎದ್ದಿತು. ಆದರೆ ಆರಾಧನೆಯಲ್ಲಿ ಹೆಂಗಸರು ಹಾಡಕೂಡದೆಂದು ವಿದ್ವಾಂಸರು ಕಟ್ಟು ಮಾಡಿದ್ದರು. ದುಡ್ಡು ಶುದ್ಧ, ದನಿ ಮೈಲಿಗೆ! ನಾಗರತ್ನಮ್ಮ ಹೆಂಗಸರದೇ ಒಂದು ಪಂಗಡ ಕಟ್ಟಿ ಹಾಡಿಯೇ ತೀರಿದರು.

ಅದಕ್ಕೆ ಮೊದಲು, 1910ರಲ್ಲಿ, ತಂಜಾವೂರಿನ ಆಸ್ಥಾನದ ಮುದ್ದುಪಳನಿ ಹದಿನೆಂಟನೆಯ ಶತಮಾನದಲ್ಲಿ ಬರೆದ ತೆಲುಗು ಕಾವ್ಯ 'ರಾಧಿಕಾ ಸಾಂತ್ವನಮು'ವನ್ನು ಅವರು ಅಚ್ಚು ಹಾಕಿಸಿದ್ದರು. ಅಶ್ಲೀಲವೆಂದು ಇಂಗ್ಲಿಷರ ಸರ್ಕಾರ ಅದನ್ನು ನಿಷೇಧಿಸಿತು. ಗಂಡು ಕವಿಗಳ ಶೃಂಗಾರ ಕಾವ್ಯಗಳು ಪಾಠಶಾಲೆಗಳಲ್ಲಿ ನಡೆಯುತ್ತಿದ್ದವು. ವೇಶ್ಯೆಯೊಬ್ಬಳು ಬರೆದದ್ದು ಮಾತ್ರ ಅಪರಾಧವಾಯಿತು.

ಹೀಗೆ ನಮಗೆ ನೀತಿ ಕಲಿಸಿದ ಇಂಗ್ಲಿಷರ ಮನೆಯನ್ನೂ ಕೊಂಚ ನೋಡೋಣ. 1825ರಲ್ಲಿ ಲಂಡನ್ನಿನ ಹ್ಯಾರಿಯೆಟ್ ವಿಲ್ಸನ್ ಎಂಬ ವೇಶ್ಯೆ ಆತ್ಮಕಥೆ ಪ್ರಕಟಿಸಿದಳು. ಅದರಲ್ಲಿ ಬಂದ ದೊಡ್ಡ ಹೆಸರುಗಳಲ್ಲಿ ವೆಲಿಂಗ್ಟನ್ ಡ್ಯೂಕನದೂ ಒಂದು. ಆತ ಬೇರಾರೂ ಅಲ್ಲ, 1799ರಲ್ಲಿ ಟಿಪ್ಪು ಬಿದ್ದ ಮೇಲೆ ಶ್ರೀರಂಗಪಟ್ಟಣದ ಅಧಿಕಾರ ವಹಿಸಿಕೊಂಡ ಅದೇ ಆರ್ಥರ್ ವೆಲ್ಲೆಸ್ಲಿ. ಪುಸ್ತಕ ಬಂದು ಮೂರೇ ವರ್ಷಕ್ಕೆ, 1828ರಲ್ಲಿ, ಆತ ಇಂಗ್ಲೆಂಡಿನ ಪ್ರಧಾನಮಂತ್ರಿಯಾದ. ಹ್ಯಾರಿಯೆಟ್ ಮಾತ್ರ ಜೀವಮಾನವಿಡೀ ಹೆಸರು ಕೆಟ್ಟವಳಾಗಿಯೇ ಉಳಿದಳು.

1864ರಲ್ಲಿ ಅದೇ ಇಂಗ್ಲೆಂಡು ಸಾಂಕ್ರಾಮಿಕ ರೋಗಗಳ ಕಾಯ್ದೆ ಮಾಡಿತು. ದಂಡಿನ ಊರುಗಳಲ್ಲಿ ವೇಶ್ಯೆಯೆಂದು ಸಂಶಯ ಬಂದ ಹೆಂಗಸನ್ನು ಬಲವಂತದ ಪರೀಕ್ಷೆಗೆ ಎಳೆಯಬಹುದಿತ್ತು. ಅವಳ ಬಳಿಗೆ ಹೋದ ಸಿಪಾಯಿಗೆ ಆ ಕಾಯ್ದೆಯಲ್ಲಿ ಪರೀಕ್ಷೆಯಿಲ್ಲ. ಜೋಸೆಫೀನ್ ಬಟ್ಲರ್ ಎಂಬ ಮಹಿಳೆ ಮುಂದೆ ನಿಂತು ವರ್ಷಾನುಗಟ್ಟಲೆ ಹೋರಾಡಿದ ಮೇಲೆ 1886ರಲ್ಲಿ ಅದು ರದ್ದಾಯಿತು. ಇದೇ ನೀತಿ ಹಡಗು ಹತ್ತಿ ಇಲ್ಲಿಗೂ ಬಂತು. ನಮ್ಮ ಬೆಂಗಳೂರು ದಂಡಿನಲ್ಲೂ ಇಂಥ ಹೆಂಗಸರನ್ನು ಕೂಡಿಹಾಕುವ ಆಸ್ಪತ್ರೆಯಿತ್ತು.

ಸಂಸ್ಥಾನದ ಸುಧಾರಣೆಯೂ ಇದೇ ಜಾಡು ಹಿಡಿಯಿತು. 1909ರಲ್ಲಿ ಮೈಸೂರು ಸರ್ಕಾರ ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿ ಸೇವೆಯನ್ನು ನಿಲ್ಲಿಸಿತು. ನಂಜನಗೂಡಿನ ದೇವದಾಸಿಯರು ಅರ್ಜಿ ಹಾಕಿಕೊಂಡರೂ ಫಲವಾಗಲಿಲ್ಲ. ಪದ್ಧತಿ ಹೋಗಬೇಕಾದ್ದೇ, ಅದರಲ್ಲಿ ನಮಗೆ ಎರಡು ಮಾತಿಲ್ಲ. ದೇವರ ಹೆಸರಿನಲ್ಲಿ ಹೆಣ್ಣುಮಗುವನ್ನು ಮಾರುವುದಕ್ಕೆ ಸಂಸ್ಕೃತಿಯೆಂದು ಹೆಸರಿಟ್ಟು ಹಾಡಿಹೊಗಳುವವರ ಪಂಕ್ತಿಯಲ್ಲಿ ನಾವು ಕೂರುವವರಲ್ಲ. ಆದರೆ ಗುಡಿಯಿಂದ ಅವಳನ್ನು ಹೊರಗೆ ಕಳಿಸಿದ ಆಜ್ಞೆ, ಅವಳ ಮನೆಗೆ ಬರುತ್ತಿದ್ದ ಪಂಚೆ ಪೇಟದವರ ಮಾತನ್ನೇ ಎತ್ತಲಿಲ್ಲ.

"ಅದೆಲ್ಲ ಮುಗಿದ ಕಥೆ" ಎನ್ನುವವರಿಗೆ ಒಂದು ಅಂಕಿ. ಕರ್ನಾಟಕ ದೇವದಾಸಿ ನಿಷೇಧ ಕಾಯ್ದೆ ಆದದ್ದು 1982ರಲ್ಲಿ. ಆಮೇಲೆ, 1993-94ರಲ್ಲೂ 2007-08ರಲ್ಲೂ ಸರ್ಕಾರವೇ ನಡೆಸಿದ ಎರಡು ಸಮೀಕ್ಷೆಗಳಲ್ಲಿ ಒಟ್ಟು 46,660 ಮಂದಿ ದೇವದಾಸಿಯರು ಲೆಕ್ಕಕ್ಕೆ ಸಿಕ್ಕರು. ಹೆಚ್ಚಿನವರು ಬೆಳಗಾವಿ, ಬಾಗಲಕೋಟೆ, ಕೊಪ್ಪಳ, ಬಳ್ಳಾರಿ, ರಾಯಚೂರು ಮುಂತಾದ ಉತ್ತರದ ಜಿಲ್ಲೆಗಳ ದಲಿತ ಹೆಂಗಸರು. ನಾಗರತ್ನಮ್ಮನವರಿಗೆ ಸಂಗೀತವಾದರೂ ಇತ್ತು. ಇವರಿಗೆ ಉಳಿದದ್ದು ಕೊರಳಿನ ಮುತ್ತು, ಕೂಲಿ, ತಂದೆಯ ಹೆಸರಿಲ್ಲದ ಮಕ್ಕಳು. ಹೆಂಗಸರನ್ನು ಒಬ್ಬೊಬ್ಬರನ್ನಾಗಿ ಎಣಿಸಲು ಬಂದ ಸರ್ಕಾರಕ್ಕೆ ಗಂಡಸರನ್ನು ಎಣಿಸಲು ಬರಲಿಲ್ಲವೇ?

ನಾವು ಶಾಲೆಯ ದಾಖಲಾತಿ ಪುಸ್ತಕ ಬರೆದವರು. "ತಂದೆಯ ಹೆಸರು" ಎಂಬ ಮನೆ ಖಾಲಿ ಬಿದ್ದಾಗ ತಾಯಿ ನೆಲ ನೋಡುವುದನ್ನು ಕಂಡವರು. ವ್ಯಾಕರಣದಲ್ಲಿ 'ವಿಟ' ಎಂಬ ಪುಲ್ಲಿಂಗವುಂಟು. ಬೀದಿಯಲ್ಲಿ ಯಾರೂ ಯಾರನ್ನೂ ವಿಟನ ಮಗನೆಂದು ಬೈಯುವುದಿಲ್ಲ. ಬೈಗುಳಕ್ಕೂ ತಾಯಿಯೇ ಬೇಕು. ಇಂಥ ಮಕ್ಕಳು ತಂದೆಯ ಮೇಲಿನ ಹಕ್ಕನ್ನು ಕೇಳಿ ಪಡೆಯಲು ದಾರಿ ಮಾಡುವ ಮಸೂದೆಗೆ ವಿಧಾನಸಭೆ ಒಪ್ಪಿಗೆ ಕೊಟ್ಟದ್ದು 2025ರಲ್ಲಿ. 1982ರಿಂದ ಎಣಿಸಿದರೆ 43 ವರ್ಷ!

ಕಾಗದದ ಹಕ್ಕಿನಿಂದ ಹೊಟ್ಟೆ ತುಂಬದು. ದೇವದಾಸಿ ತಾಯಂದಿರ ಹೆಸರಿಗೆ ಭೂಮಿ ಬೇಕು. ಬದುಕಲು ಸಾಲುವಷ್ಟು ಮಾಸಾಶನ ಬೇಕು. ತಂದೆಯ ಆಸ್ತಿಯಲ್ಲಿ ಮಕ್ಕಳಿಗೆ ಪಾಲು ಬೇಕು. ಅದಕ್ಕಾಗಿ ಕೋರ್ಟು ಅಲೆಯುವ ಖರ್ಚನ್ನು ಸರ್ಕಾರ ಹೊರಬೇಕು. ದಾನ ಬೇಡುವ ಅರ್ಜಿಯೆಂದು ಇದನ್ನು ಯಾರೂ ತಿಳಿಯಬೇಕಾಗಿಲ್ಲ. ನೂರಾರು ವರ್ಷದ ಸಾಲ ಇದು. ಸಾಲಗಾರನ ಹೆಸರನ್ನು ಬರೆದುಕೊಂಡು ವಸೂಲಿಗೆ ಹೊರಡುವ ಕಾಲ ಬಂದಿದೆ.