ವಾರಾಂತ್ಯದ ವಿದ್ಯಾರ್ಥಿ

ವಾರದ ದುಡಿಮೆ ಮುಗಿಸಿ ಕಚೇರಿಯಿಂದ ಹೊರಬಿದ್ದ ಗೃಹಸ್ಥನ ಕಾಲು ತಾನಾಗಿಯೇ ಮನೆಯ ಹಾದಿ ಹಿಡಿಯುವುದು ಲೋಕರೂಢಿ. ಅಮೆರಿಕದ ವಾಯವ್ಯ ಮೂಲೆಯಲ್ಲಿರುವ ಸಿಯಾಟಲ್ ನಗರದ ಬಳಿ ಮೈಕ್ರೋಸಾಫ್ಟ್ ಕಂಪೆನಿಯಲ್ಲಿ ಇಂಜಿನಿಯರಾಗಿದ್ದ ಭಾರತೀಯ ತರುಣರೊಬ್ಬರು 1990ರ ದಶಕದಲ್ಲಿ ಈ ರೂಢಿಯನ್ನು ಮುರಿದರು. ವಾರಾಂತ್ಯ ಬಂತೆಂದರೆ ಅವರು ಹಿಡಿಯುತ್ತಿದ್ದುದು ವಿಮಾನ ನಿಲ್ದಾಣದ ಹಾದಿಯನ್ನು. ಶಿಕಾಗೋ ನಗರಕ್ಕೆ ಹಾರಿ, ಅಲ್ಲಿ ವಿದ್ಯಾರ್ಥಿಗಳ ಬೆಂಚಿನಲ್ಲಿ ಕುಳಿತು ಪಾಠ ಕೇಳಿ, ಮತ್ತೆ ಸೋಮವಾರದ ಕೆಲಸಕ್ಕೆ ಹಿಂದಿರುಗುವುದು ಅವರ ಪರಿಪಾಠವಾಗಿತ್ತು. ಅವರೇ ಸತ್ಯ ನಾದೆಲ್ಲ.

1967ರಲ್ಲಿ ಹೈದರಾಬಾದಿನಲ್ಲಿ ಜನಿಸಿದ ನಾದೆಲ್ಲರಿಗೂ ಕನ್ನಡ ನಾಡಿಗೂ ಒಂದು ನಂಟುಂಟು. ಅವರು ವಿದ್ಯುತ್ ಇಂಜಿನಿಯರಿಂಗಿನಲ್ಲಿ ಪದವಿ ಪಡೆದದ್ದು ಮಣಿಪಾಲದಲ್ಲಿ, 1988ರಲ್ಲಿ. ಅನಂತರ ಅಮೆರಿಕಕ್ಕೆ ತೆರಳಿ, ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಮಿಲ್ವಾಕೀ ಕೇಂದ್ರದಲ್ಲಿ ಗಣಕವಿಜ್ಞಾನವನ್ನು ವ್ಯಾಸಂಗ ಮಾಡಿ, ಸನ್ ಮೈಕ್ರೋಸಿಸ್ಟಮ್ಸ್ ಎಂಬ ಸಂಸ್ಥೆಯಲ್ಲಿ ಉದ್ಯೋಗ ಹಿಡಿದರು. ಶಿಕಾಗೋ ವಿಶ್ವವಿದ್ಯಾಲಯದ ವಾಣಿಜ್ಯ ವಿದ್ಯಾಶಾಲೆಯಲ್ಲಿ ಎಂ.ಬಿ.ಎ. ಓದಲು ಅವಕಾಶ ದೊರೆತಿದ್ದ ಸಮಯದಲ್ಲಿಯೇ, 1992ರಲ್ಲಿ, ಮೈಕ್ರೋಸಾಫ್ಟಿನ ಕರೆಯೂ ಬಂತು. ಓದಿಗೆ ಹೋದರೆ ಕೆಲಸ ಕೈತಪ್ಪುತ್ತದೆ. ಕೆಲಸಕ್ಕೆ ಹೋದರೆ ಓದು ನಿಂತುಹೋಗುತ್ತದೆ.

ಮಧ್ಯಮ ವರ್ಗದ ಮನೆಗಳಿಗೆ ಈ ಇಕ್ಕಟ್ಟು ಹೊಸದಲ್ಲ. ಪೂರ್ಣಾವಧಿಯ ವ್ಯಾಸಂಗಕ್ಕೆ ತಗಲುವ ವೆಚ್ಚ ಎರಡು ಬಗೆಯದು. ಒಂದು, ಕಟ್ಟುವ ಶುಲ್ಕ; ಇದಕ್ಕೆ ರಶೀದಿ ಇರುತ್ತದೆ. ಇನ್ನೊಂದು, ಎರಡು ವರ್ಷ ಬಿಟ್ಟುಕೊಡುವ ಸಂಬಳ. ಇದಕ್ಕೆ ರಶೀದಿ ಇಲ್ಲ. ಆದುದರಿಂದಲೇ ಹಲವರು ಅದನ್ನು ಲೆಕ್ಕಕ್ಕೆ ಹಿಡಿಯುವುದನ್ನು ಮರೆಯುತ್ತಾರೆ. ನಾದೆಲ್ಲರು ಕೆಲಸವನ್ನು ಒಪ್ಪಿಕೊಂಡರು, ಓದನ್ನೂ ಬಿಡಲಿಲ್ಲ. ಪೂರ್ಣಾವಧಿಯ ಬದಲು ವಾರಾಂತ್ಯದ ತರಗತಿಗೆ ಸೇರಿಕೊಂಡರು.

ಆ ದಾರಿಯಾದರೂ ಸುಲಭವಾದುದೇ? ಸಿಯಾಟಲಿನಿಂದ ಶಿಕಾಗೋಗೆ ವಿಮಾನಮಾರ್ಗದಲ್ಲಿ ಸುಮಾರು 2,800 ಕಿಲೋಮೀಟರು. ಬೆಂಗಳೂರಿನಿಂದ ದೆಹಲಿಗೆ ಇರುವುದು 1,700ರಷ್ಟು ಮಾತ್ರ. ಪ್ರಯಾಣ ನಾಲ್ಕು ಗಂಟೆಯದಾದರೂ ಶಿಕಾಗೋದ ಗಡಿಯಾರ ಎರಡು ಗಂಟೆ ಮುಂದಿರುತ್ತದೆ. ಸಂಜೆ ಆರಕ್ಕೆ ವಿಮಾನವೇರಿದವನು ಇಳಿಯುವಾಗ ಅಲ್ಲಿ ನಡುರಾತ್ರಿ! ಚಳಿಗಾಲದಲ್ಲಿ ಮಿಷಿಗನ್ ಸರೋವರದ ಮೇಲಿಂದ ಬೀಸುವ ಗಾಳಿಯ ವಿಚಾರವನ್ನು ಇಲ್ಲಿ ಎತ್ತದಿರುವುದೇ ಲೇಸು.

ಈ ವಿದ್ಯಾಶಾಲೆ ಸ್ಥಾಪನೆಯಾದದ್ದು 1898ರಲ್ಲಿ. ಉದ್ಯೋಗದಲ್ಲಿರುವ ಅಧಿಕಾರಿಗಳಿಗೆಂದೇ ಎಂ.ಬಿ.ಎ. ತರಗತಿಯನ್ನು 1943ರಲ್ಲಿ, ಯುದ್ಧದ ನಡುವೆ, ಮೊಟ್ಟಮೊದಲು ತೆರೆದ ಕೀರ್ತಿಯೂ ಇದರದೇ. ವಾರಾಂತ್ಯದಲ್ಲಿ ಓದಿದವರಿಗೂ ಹಗಲೆಲ್ಲ ಓದಿದವರಿಗೂ ಅಲ್ಲಿ ಪದವಿ ಒಂದೇ.

ಇಷ್ಟು ದೂರ ಹಾರಿ ಇಂಜಿನಿಯರೊಬ್ಬರು ಕಲಿಯುವುದಾದರೂ ಏನನ್ನು? ಯಂತ್ರ ಹೇಗೆ ನಡೆಯುತ್ತದೆಂಬುದು ಅವರಿಗೆ ಗೊತ್ತು; ಅದನ್ನು ನಡೆಸುವ ಕಂಪೆನಿ ಹೇಗೆ ನಡೆಯುತ್ತದೆಂಬುದು ಗೊತ್ತಿರಬೇಕಾಗಿಲ್ಲ. ಸಾಲದ ಮೇಲೆ ಸರಕು ಮಾರುವ ಅಂಗಡಿಯನ್ನು ನೋಡಿ. ಖಾತೆಯ ಪುಸ್ತಕದಲ್ಲಿ ಲಾಭ ತುಂಬಿ ತುಳುಕುತ್ತದೆ. ತಿಂಗಳ ಕೊನೆಗೆ ಆಳುಗಳಿಗೆ ಸಂಬಳ ಕೊಡಲು ಗಲ್ಲಾಪೆಟ್ಟಿಗೆಯಲ್ಲಿ ಕಾಸಿರುವುದಿಲ್ಲ. ಲಾಭವೇ ಬೇರೆ, ನಗದೇ ಬೇರೆ ಎಂಬ ಈ ಪಾಠವನ್ನು ತಿಳಿಯದೆ ಮುಳುಗಿದ ವ್ಯಾಪಾರಗಳಿಗೆ ಲೆಕ್ಕವಿಲ್ಲ. ಹಾಗೆಯೇ, ಶೇಕಡಾ 10ರ ಬಡ್ಡಿಯ ಕಾಲದಲ್ಲಿ ಮುಂದಿನ ವರ್ಷ ಕೈಸೇರುವ 110 ರೂಪಾಯಿ ಇಂದಿನ 100ಕ್ಕೆ ಮಾತ್ರ ಸಮ. ಹತ್ತು ವರ್ಷಗಳಾಚೆ ಲಾಭ ತರುವ ಯೋಜನೆಗೆ ಇಂದು ಎಷ್ಟು ಹಣ ಸುರಿಯಬಹುದೆಂಬ ಪ್ರಶ್ನೆಗೆ ಉತ್ತರ ಹುಡುಕುವುದು ಈ ಸಣ್ಣ ಲೆಕ್ಕದಿಂದಲೇ. ಪೂರ್ಣಾವಧಿಯ ವಿದ್ಯಾರ್ಥಿ ಇದನ್ನು ಪರೀಕ್ಷೆಗಾಗಿ ಬರೆದಿಡುತ್ತಾನೆ. ಶನಿವಾರ ಇದನ್ನು ಕೇಳಿದ ನೌಕರನಿಗೆ ಸೋಮವಾರ ಕಚೇರಿಯ ಮೇಜಿನ ಮೇಲೆಯೇ ಅಂಥದೊಂದು ಲೆಕ್ಕ ಕಾದಿರುತ್ತದೆ. ಅಂಶಕಾಲಿಕ ಓದಿನ ನಿಜವಾದ ಲಾಭ ಇಲ್ಲಿದೆ. ಅದನ್ನು ಅರೆಬೆಂದ ಓದೆಂದು ಹಳಿಯುವವರು ಇದನ್ನು ಗಮನಿಸಿದಂತಿಲ್ಲ.

ನಾದೆಲ್ಲರಿಗೆ ಪದವಿ ದೊರೆತದ್ದು 1997ರಲ್ಲಿ. ಇಂಜಿನಿಯರಾಗಿ ಬಂದವರು ಮುಂದೆ ಸಣ್ಣ ವ್ಯಾಪಾರಿಗಳಿಗಾಗಿ ಕಂಪೆನಿ ನಡೆಸಿದ ಅಂತರಜಾಲ ಸೇವೆಯ ಹೊಣೆ ಹೊತ್ತರು. ತಂತ್ರಜ್ಞನ ಮಾತಿನಷ್ಟೇ ವರ್ತಕನ ಮಾತೂ ತಿಳಿದಿರಬೇಕಾದ ಜಾಗವದು. 2014ರ ಫೆಬ್ರವರಿ 4ರಂದು ಇಡೀ ಸಂಸ್ಥೆಯ ಮುಖ್ಯಾಧಿಕಾರಿಗಳಾದರು. ಪದವಿಗೂ ಪೀಠಕ್ಕೂ ನಡುವೆ 17 ವರ್ಷಗಳ ದುಡಿಮೆಯಿದೆ ಎಂಬುದನ್ನು ಮರೆಯಬಾರದು. ಅದೇ ಪೀಠದಲ್ಲಿ ಅವರಿಗಿಂತ ಮೊದಲು ಕುಳಿತವರನ್ನು ನೋಡಿದರೆ ಇನ್ನೊಂದು ತಮಾಷೆ ಕಾಣುತ್ತದೆ. ಬಿಲ್ ಗೇಟ್ಸ್ ಹಾರ್ವರ್ಡಿನ ಓದನ್ನು ನಡುವಿನಲ್ಲಿಯೇ ಬಿಟ್ಟವರು. ಸ್ಟೀವ್ ಬಾಮರ್ 1980ರಲ್ಲಿ ಸ್ಟ್ಯಾನ್‌ಫರ್ಡಿನ ವಾಣಿಜ್ಯ ವಿದ್ಯಾಶಾಲೆಯನ್ನೇ ತೊರೆದು ಇದೇ ಕಂಪೆನಿಗೆ ಬಂದವರು. ಎಂ.ಬಿ.ಎ. ಪೂರೈಸಿದವರು ಮೂವರಲ್ಲಿ ಮೂರನೆಯವರೊಬ್ಬರೇ! ಪದವಿಪತ್ರವನ್ನು ಗೋಡೆಗೆ ತೂಗುಹಾಕಿದೊಡನೆ ಬಡ್ತಿ ಬಾಗಿಲು ತಟ್ಟುವುದೆಂದು ನಂಬಿದವರು ಇದನ್ನು ನೆನೆಯಬಹುದು.

ಇಂಥ ಓದಿನ ಬೆಲೆಯನ್ನು ತೆರುವವರು ವಿದ್ಯಾರ್ಥಿಯೊಬ್ಬರೇ ಅಲ್ಲ. ಪತ್ನಿ ಅನು ಅವರೂ ಮಣಿಪಾಲದಲ್ಲಿ ವಾಸ್ತುಶಿಲ್ಪ ಓದಿದವರು. 1992ರಲ್ಲಿ ವಿವಾಹವಾದರೂ, ಅಮೆರಿಕದ ವಲಸೆ ನಿಯಮಗಳಿಂದಾಗಿ ಆಕೆಗೆ ಪತಿಯ ಬಳಿಗೆ ಹೋಗಲು ಪರವಾನಗಿ ದೊರೆಯಲಿಲ್ಲ. ಖಾಯಂ ನಿವಾಸಿಯಾಗಿದ್ದವರ ಪತ್ನಿಗೆ ವರ್ಷಗಟ್ಟಲೆ ಕಾಯುವ ಸಾಲು. ತಾತ್ಕಾಲಿಕ ಪರವಾನಗಿಯ ನೌಕರನ ಪತ್ನಿಗೆ ಆ ಸಾಲಿಲ್ಲ. ಕಾನೂನಿನ ವಿಚಿತ್ರವದು. 1994ರಲ್ಲಿ ನಾದೆಲ್ಲರು ದೆಹಲಿಯ ರಾಯಭಾರ ಕಚೇರಿಗೆ ಹೋಗಿ, ಇತರರು ಹಂಬಲಿಸುವ ಗ್ರೀನ್ ಕಾರ್ಡನ್ನು ತಾವಾಗಿಯೇ ಹಿಂದಿರುಗಿಸಿ, ತಾತ್ಕಾಲಿಕ ಪರವಾನಗಿಗೆ ಅರ್ಜಿ ಹಾಕಿದರು. ಆ ಮೇಲೆ ದಂಪತಿಗಳು ಒಂದೆಡೆ ನೆಲಸಿದರು.

1996ರ ಆಗಸ್ಟಿನಲ್ಲಿ ಮೊದಲ ಮಗ ಜೇನ್ ಜನಿಸಿದ. ಗರ್ಭದಲ್ಲಿಯೇ ಉಸಿರಿನ ಕೊರತೆಯಾಗಿ ಮಗುವಿಗೆ ಸೆರೆಬ್ರಲ್ ಪಾಲ್ಸಿ ಎಂಬ ತೀವ್ರ ಅಂಗವೈಕಲ್ಯ ತಗುಲಿತ್ತು. ವೃತ್ತಿಗೆ ಮರಳುವ ಯೋಚನೆಯಲ್ಲಿದ್ದ ತಾಯಿ ಅದನ್ನು ಬದಿಗಿಟ್ಟು, ಮಗನನ್ನು ಚಿಕಿತ್ಸಾಲಯದಿಂದ ಚಿಕಿತ್ಸಾಲಯಕ್ಕೆ ಕರೆದೊಯ್ಯುವ ಕಾಯಕವನ್ನು ಕೈಗೊಂಡರು. ತಂದೆಗೆ ಎಂ.ಬಿ.ಎ. ಪದವಿ ಬಂದುದು ಅದರ ಮರುವರ್ಷ. ಪದವಿಪತ್ರದಲ್ಲಿ ಒಂದೇ ಹೆಸರಿರುತ್ತದೆ. ಜೇನ್ 2022ರಲ್ಲಿ ತೀರಿಕೊಂಡ.

ವಾರಾಂತ್ಯದ ಓದನ್ನು ಅರಸುವ ಬೆಂಗಳೂರಿನ ನೌಕರನಿಗೆ ಈಗ ಅಷ್ಟು ದೂರದ ಹಾರಾಟ ಬೇಕಾಗಿಲ್ಲ. 1973ರಲ್ಲಿ ಸ್ಥಾಪಿತವಾದ ಇಲ್ಲಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟ್ ಸಂಸ್ಥೆ, ನಾದೆಲ್ಲರು ಪದವಿ ಪಡೆದ ಮರುವರ್ಷವೇ, ಎಂದರೆ 1998ರಲ್ಲಿ, ಸಾಫ್ಟ್‌ವೇರ್ ಉದ್ಯೋಗಿಗಳಿಗಾಗಿ ಇಂಥ ತರಗತಿಯನ್ನು ಆರಂಭಿಸಿತು. ಮುಂದೆ ಇತರ ಉದ್ಯಮಗಳವರಿಗೂ ಅದು ತೆರೆಯಿತು. ಅಲ್ಲಿಗೆ ಹೋಗಬೇಕಾದವರು ಬನ್ನೇರುಘಟ್ಟ ರಸ್ತೆಯ ವಾಹನಗಳ ಸಾಲಿನಲ್ಲಿ ನಿಂತರೆ ಸಾಕು. ಕೆಲವು ದಿನ, ಅಷ್ಟು ಹೊತ್ತಿಗೆ ಶಿಕಾಗೋವನ್ನೇ ತಲುಪಬಹುದಿತ್ತೆಂದು ಅನ್ನಿಸಿದರೆ ಆಶ್ಚರ್ಯವಿಲ್ಲ.